ಬೇಕಂತಲೇ ಎರಡು ತಪ್ಪು

ಜುಲೈ ೧೪, ಸಂಜೆ. ಮಗಳ ಶಾಲೆಯಿಂದ ಈಗಷ್ಟೇ ಬಂದೆ.

ಅಪ್ಪ,

ನೀವು ಬದುಕಿದ್ದರೂ ಇದನ್ನು ಕಳಿಸುತ್ತಿರಲಿಲ್ಲ.

ನಿಮ್ಮ ಮೊಮ್ಮಗಳು ಐದನೇ ತರಗತಿಯ ಲೆಕ್ಕಗಳನ್ನು, ಉಳಿದವರು ಪ್ರಶ್ನೆ ಬರೆದುಕೊಳ್ಳುವಷ್ಟರಲ್ಲಿ ಮುಗಿಸುತ್ತಾಳೆ. ಅದಕ್ಕೆ ಸಿಗುವ ಬಹುಮಾನ ಅದೇ ಥರದ ಇನ್ನಷ್ಟು ಲೆಕ್ಕ. ಅದೂ ಮುಗಿದರೆ ಬೋರ್ಡ್ ಒರೆಸುವ ಕೆಲಸ. ಗಣಿತದ ಪೀರಿಯಡ್ಡಿಗೆ ಮಾತ್ರ ಅವಳನ್ನು ಏಳನೆಯವರ ಜೊತೆ ಕೂರಿಸಿ ಎಂದು ಇವತ್ತು ಕೇಳಿದೆ.

"ಫಸ್ಟ್ ಬರ್ತಿದಾಳಲ್ಲಮ್ಮ, ಇನ್ನೇನು ಕಿರೀಟ ಇಡ್ಬೇಕಾ?" ಎಂದು ಹೆಡ್‌ಮೇಡಂ ನಕ್ಕರು. "ಫೇಲಾಗೋ ಮಕ್ಕಳ ತಾಯಂದಿರೂ ಇಷ್ಟು ಕಾಟ ಕೊಡಲ್ಲ."

ಮೈಯೆಲ್ಲ ಉರಿಯಿತು. ಆದರೂ, ಹಿಂದೆ ನನಗಾಗಿ ಇದನ್ನೇ ಕೇಳಲು ನನ್ನ ಶಾಲೆಗೆ ಬಂದಿದ್ದಾಗ ನೀವು ಹೇಳಿದ ಹಾಗೆಯೇ "ಆಯ್ತು ಮೇಡಂ" ಎಂದು ಎದ್ದು ಬಂದೆ.

ದಾರಿಯಲ್ಲಿ ಮಗಳೇ ನನಗೆ ಸಮಾಧಾನ ಹೇಳಿದಳು. "ಬಿಡಮ್ಮ. ನಾನೀಗ ಬೇಕಂತಲೇ ಎರಡು ತಪ್ಪು ಮಾಡ್ತೀನಿ. ಅದನ್ನ ತಿದ್ದೋಷ್ಟರಲ್ಲಿ ಬೆಲ್ ಹೊಡೆಯುತ್ತೆ."

ಅಂದು ನೀವು ಹೊರಗೆ ಬಂದು ನನ್ನ ತಲೆ ಸವರಿದಿರಿ. ಆಮೇಲೆ ನಾನು ತರಗತಿಯಲ್ಲಿ ಏನು ಮಾಡುತ್ತಿದ್ದೆ ಎಂದು ಒಮ್ಮೆಯೂ ಕೇಳಲಿಲ್ಲ.

ನಾಳೆ ಶಾಲೆ ತೆರೆಯುವ ಹೊತ್ತಿಗೆ ಮತ್ತೆ ಹೋಗುತ್ತೇನೆ. ಏಳನೆಯವರ ಪ್ರಶ್ನೆಪತ್ರಿಕೆಯನ್ನು ನನ್ನೆದುರೇ ಅವಳಿಗೆ ಕೊಟ್ಟು ನೋಡಿ ಎನ್ನುತ್ತೇನೆ. ಕೊಡುವವರೆಗೆ ಕುರ್ಚಿಯಿಂದ ಏಳುವುದಿಲ್ಲ.