ಖಾಲಿ ಬಂದ ಕಡುಬಿನ ಡಬ್ಬಿ

ಫತೇಗಂಜ್, ವಡೋದರಾ
ಕಾರ್ತಿಕ ಶುದ್ಧ ಬಿದಿಗೆ

ಚಿರಂಜೀವಿ ನಂಜುಂಡನಿಗೆ, ಅಲ್ಲಲ್ಲ, ಮಾಜಿ ಶಾಸಕರೂ ಭಾವಿ ಮಂತ್ರಿಗಳೂ ಸದ್ಯಕ್ಕೆ ಎರಡೂ ಅಲ್ಲದವರೂ ಆದ ಶ್ರೀಮಾನ್ ನಂಜುಂಡನವರಿಗೆ, ಅಕ್ಕ ರಮಾಮಣಿಯ ಆಶೀರ್ವಾದ.

ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮವನ್ನು ಟಿವಿಯವರು ಗಂಟೆಗೊಮ್ಮೆ ತಿಳಿಸುತ್ತಿರುವುದರಿಂದ ವಿಚಾರಿಸುವ ಅಗತ್ಯ ಬಿದ್ದಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ, ಕಳಿಸಿದ ಸಂದೇಶಗಳಿಗೂ ಉತ್ತರ ಕೊಡಲಿಲ್ಲ. ತಡವಾಯಿತು, ತಪ್ಪಾಯಿತು. ದೀಪಾವಳಿಯ ಕೆಲಸ ಅಂತ ಒಂದು ನೆಪ ಹೇಳಬಹುದಿತ್ತು. ಆದರೆ ನೆಪ ಹೇಳುವುದರಲ್ಲಿ ನಿನ್ನ ಎದುರು ಸ್ಪರ್ಧೆಗೆ ನಿಲ್ಲುವ ಧೈರ್ಯ ನನಗಿಲ್ಲ.

ಈ ಕಾಲದಲ್ಲಿ ಕಾಗದವೇಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನೀನು "ಅಕ್ಕಾ" ಅಂತ ಒಂದು ಸಲ ಎಳೆದು ಕರೆದರೆ ನಾನು ಎಲ್ಲಕ್ಕೂ ಹೂಂ ಅಂದುಬಿಡುತ್ತೇನೆ. ಚಿಕ್ಕಂದಿನಿಂದ ಆಗಿರುವುದೇ ಅದು. ಕಾಗದದಲ್ಲಾದರೆ ನಿನ್ನ ದನಿ ಕೇಳಿಸುವುದಿಲ್ಲ.

ಇವತ್ತು ಇಲ್ಲಿ ಭಾಯ್ ಬೀಜ್. ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಊಟಕ್ಕೆ ಹೋಗುವ ದಿನ. ಎದುರುಮನೆಯ ಹಂಸಾಬೆನ್‌ಗೆ ಸೂರತ್‌ನಿಂದ ತಮ್ಮ ಬಂದಿದ್ದಾನೆ. ಬೆಳಿಗ್ಗೆಯಿಂದ ಇಬ್ಬರೂ ಜಗಳವಾಡುತ್ತಿದ್ದಾರೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಗೊತ್ತೇನೋ!

ಮೊನ್ನೆ ನಿನ್ನ ಆಪ್ತ ಸಹಾಯಕ ಸುಬ್ರಹ್ಮಣ್ಯ ಉಪಾಯ ಮಾಡಿ ನನ್ನ ಮಗಳು ಅರ್ಚಿತಾಳ ಫೋನಿಗೆ ಕರೆ ಮಾಡಿ ನನ್ನನ್ನು ಹಿಡಿದುಬಿಟ್ಟ.

"ಅಮ್ಮಾ, ಭಾನುವಾರ ನಮ್ಮ ಉಪಚುನಾವಣೆ ಪ್ರಚಾರದ ಕಡೇ ಸಭೆ. ಅಣ್ಣಾವ್ರು ನಿಮಗೆ ವಿಮಾನದ ಟಿಕೆಟ್ ಮಾಡ್ಸಿದಾರೆ. ವೇದಿಕೆ ಮೇಲೆ ಬಂದು ಎರಡೇ ಎರಡು ಮಾತು ಆಡ್ಬೇಕು."

"ಏನಪ್ಪಾ ಆ ಎರಡು ಮಾತು?"

"'ತಾಯಿಲ್ಲದ ನನ್ನ ತಮ್ಮನ್ನ ನಾನೇ ಎತ್ತಿ ಸಾಕ್ದೆ. ಅವನು ನಂಬಿದೋರ ಕೈ ಬಿಡೋನಲ್ಲ.' ಅಷ್ಟೇ ಅಮ್ಮಾ. ಆಮೇಲೆ ಸೆರಗಲ್ಲಿ ಹಿಂಗೆ ಕಣ್ಣೊರೆಸ್ಕೊಂಡ್ರೆ ಮುಗೀತು."

"ಕಣ್ಣೀರು ಬರದಿದ್ರೆ?"

"ಅಯ್ಯೋ, ಅಷ್ಟು ಜನ ನೋಡಿದ್ರೆ ತಾನಾಗೇ ಬರುತ್ತೆ ಬಿಡಿ!" ಆಮೇಲೆ ದನಿ ತಗ್ಗಿಸಿ, "ಊರಲ್ಲಿ ಅಣ್ಣಾವ್ರನ್ನ ಮಾರ್ಕೊಂಡೋರು ಅಂತಿದಾರೆ ಅಮ್ಮಾ. ನೀವು ಬಂದ್ರೆ ಹೆಂಗಸರ ಮನಸ್ಸಾದ್ರೂ ತಿರುಗುತ್ತೆ" ಅಂದ.

ಒಳ್ಳೆಯ ಹುಡುಗ. ಕೆಲಸದಲ್ಲಿ ಶ್ರದ್ಧೆ ಇದೆ. ಅಳುವ ಜಾಗವನ್ನೂ ಗುರುತು ಮಾಡಿಟ್ಟಿದ್ದಾನೆ.

ಈ ವಿಷಯ ನಿನ್ನ ಭಾವನ ಕಿವಿಗೆ ಹಾಕಿದೆ. ಅವರು ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿಯೇ ತಲೆ ಹಣ್ಣಾದವರು. ನಿವೃತ್ತಿಯಾದರೂ ಪ್ರಪಂಚವನ್ನೆಲ್ಲ ಪ್ಲಾಟ್‌ಫಾರಂ ಮೇಲೆ ನಿಂತೇ ನೋಡುತ್ತಾರೆ. "ಹಳೇ ಗಾಡಿ ಟಿಕೆಟ್ ಜೇಬಲ್ಲಿಟ್ಕೊಂಡು ಹೊಸ ಗಾಡಿ ಹತ್ತಿದೋರಿಗೆ ನಾವು ದಂಡ ಹಾಕಿ ಮುಂದಿನ ಸ್ಟೇಷನ್ನಲ್ಲಿ ಇಳಿಸ್ತಿದ್ವಿ. ನಿನ್ ತಮ್ಮನಿಗೆ ಫಸ್ಟ್ ಕ್ಲಾಸಲ್ಲಿ ಸೀಟು ಕೊಟ್ಟು ಚಾದರ ಹೊದಿಸಿದಾರಲ್ಲೇ" ಅಂದರು. ನಾನು, "ಅವನು ಕ್ಷೇತ್ರದ ಅಭಿವೃದ್ಧಿಗೋಸ್ಕರ ಹೋಗಿದ್ದು" ಅಂದೆ. ನೀನು ಟಿವಿಯಲ್ಲಿ ಹೇಳಿದ್ದನ್ನೇ ಹೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನನಗೂ ಆ ಮಾತು ಬಾಯಲ್ಲಿ ಹೊಸ ಹಲ್ಲಿನ ಸೆಟ್ಟಿನ ಹಾಗೆ ಒತ್ತುತ್ತಿತ್ತು.

ನಂಜು, ನಿನ್ನ ಮೊದಲ ಸಮ್ಮಿಶ್ರ ಸರ್ಕಾರ ನೆನಪಿದೆಯಾ? ಇಲ್ಲೇ, ಯೂನಿವರ್ಸಿಟಿ ಹಾಸ್ಟೆಲಿನ ಮೆಸ್ ಕಮಿಟಿ. ದಾಲ್‌ಗೆ ಬೆಲ್ಲ ಹಾಕಲೇಬೇಕು ಅನ್ನುವ ಸೌರಾಷ್ಟ್ರದ ಹುಡುಗರು ಒಂದು ಕಡೆ, ಬೆಲ್ಲ ಹಾಕಿದರೆ ತಟ್ಟೆ ಎಸೆಯುತ್ತೇವೆ ಅನ್ನುವ ಮರಾಠಿ ಹುಡುಗರು ಇನ್ನೊಂದು ಕಡೆ. ನೀನು ಇಬ್ಬರಿಗೂ ಮಾತು ಕೊಟ್ಟು ಗೆದ್ದುಬಿಟ್ಟೆ. ಆ ಭಾನುವಾರ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಬಂದು ತಲೆ ಮೇಲೆ ಕೈಹೊತ್ತು ಕೂತೆ.

"ಇಬ್ಬರಿಗೂ ಯಾಕೋ ಮಾತು ಕೊಟ್ಟೆ?"

"ಇಲ್ದಿದ್ರೆ ಗೆಲ್ತಿರ್ಲಿಲ್ಲ ಅಕ್ಕ."

"ಈಗ ಗೆದ್ದಿದೀಯಲ್ಲ, ಎರಡು ಪಾತ್ರೆ ಇಡು."

ನೀನು ಎರಡು ಪಾತ್ರೆ ಇಟ್ಟೆ. ಅಡಿಗೆಯವನು ಕೂಗಾಡಿದ್ದಕ್ಕೆ ಎರಡನೆಯ ಪಾತ್ರೆಗೆ ವರ್ಷವಿಡೀ ನೀನೇ ಒಗ್ಗರಣೆ ಹಾಕಿದೆ, ಕೈ ಸುಟ್ಟುಕೊಂಡೆ. ಆ ಕಲೆ ಈಗಲೂ ನಿನ್ನ ಬಲಗೈ ಮೇಲಿದೆ. ನೀನು ಟಿವಿಯಲ್ಲಿ ಜನರಿಗೆ ಕೈ ಮುಗಿಯುವಾಗ ನಾನು ಅದನ್ನೇ ಹುಡುಕುತ್ತೇನೆ.

ನಿಮ್ಮ ಪುಟ್ಟ ಪಕ್ಷ ದೊಡ್ಡ ಪಕ್ಷದ ಜೊತೆ ಸೇರಿ ಸರ್ಕಾರ ಮಾಡಿದ ದಿನ ಫೋನಿನಲ್ಲಿ ಏನಂದಿದ್ದೆ? "ಅಕ್ಕ, ಇದೂ ನಮ್ಮ ಮೆಸ್ಸೇ, ಪಾತ್ರೆ ಸ್ವಲ್ಪ ದೊಡ್ಡದು." ನಾನು ಓಣಿಗೆಲ್ಲ ಪೇಡಾ ಹಂಚಿದೆ. ಎರಡು ಮಳೆಗಾಲ ಕಳೆಯುವುದರೊಳಗೆ ಮೂರನೆಯವರು ಬಂದು, ಎರಡು ಪಾತ್ರೆ ಯಾಕೆ, ಒಲೆಯನ್ನೇ ನಮಗೆ ಕೊಡಿ ಅಂದರು. ನೀವು ಕೆಲವರು ಎದ್ದು ಹೊರಟಿರಿ. ಅವರೇನು ಕೊಟ್ಟರು ಅಂತ ನಾನು ಕೇಳುವುದಿಲ್ಲ. ನಿನಗೆ ಓಟು ಹಾಕಿದವರನ್ನು ನೀನು ಏನಾದರೂ ಕೇಳಿದೆಯಾ ಅನ್ನುವುದನ್ನಷ್ಟೇ ಕೇಳಬೇಕು ಅಂತಿದ್ದೆ.

ಆಮೇಲೆ ಬೆಕ್ಕು ತನ್ನ ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತುತ್ತದಲ್ಲ, ಹಾಗೆ ನಿಮ್ಮನ್ನು ಸೂರತ್‌ನ ಒಂದು ಹೋಟೆಲಿಗೆ, ಅಲ್ಲಿಂದ ಅಹಮದಾಬಾದಿಗೆ, ಕೊನೆಗೆ ನಮ್ಮ ಹಾಲೋಲ್ ರಸ್ತೆಯ ರೆಸಾರ್ಟಿಗೆ ತಂದು ಹಾಕಿದರು. ಟಿವಿಯಲ್ಲಿ ಗೇಟು ತೋರಿಸುತ್ತಿದ್ದ ಹಾಗೆ ಅರ್ಚಿತಾ ಕೂಗಿದಳು: "ಅಮ್ಮಾ, ಇದು ಆಪಣೋ, ನಮ್ಮದೇ ಹಾಲೋಲ್ ರೋಡ್! ನನ್ನ ಫ್ರೆಂಡ್ ಮದುವೆ ಇಲ್ಲೇ ಆಗಿದ್ದು. ನಂಜು ಮಾಮಾನ್ನ ಯಾರಾದ್ರೂ ಹೈಜಾಕ್ ಮಾಡಿದಾರಾ?"

"ಇಲ್ಲ ಕಣೇ, ಅವನೇ ಟಿಕೆಟ್ ತಗೊಂಡು ಹೈಜಾಕ್ ಆಗಿದಾನೆ" ಅಂದೆ.

ಮಾರನೆಯ ದಿನವೇ ನಾಗರ ಪಂಚಮಿ. ನನಗಾದ ಸಂತೋಷವನ್ನು ಏನು ಹೇಳಲಿ! ಸರ್ಕಾರ ಬೀಳುವುದು ಒಂದು ಕಡೆ ಇರಲಿ, ಎಷ್ಟೋ ವರ್ಷದ ಮೇಲೆ ಪಂಚಮಿಗೆ ನನ್ನ ತಮ್ಮ ಸ್ಕೂಟರ್ ದೂರದಲ್ಲಿದ್ದಾನೆ. ಎದ್ದು ಸ್ನಾನ ಮಾಡಿ ಎಳ್ಳುಬೆಲ್ಲದ ಕಡುಬು ಬೇಯಿಸಿದೆ. ನೀನು ಹಾಸ್ಟೆಲಿಗೆ ಒಯ್ಯುತ್ತಿದ್ದ ಸ್ಟೀಲ್ ಡಬ್ಬಿ ಇದೆಯಲ್ಲ, ಮುಚ್ಚಳದ ಮೇಲೆ 'ನಂಜುಂಡ' ಅಂತ ಕೊರೆಸಿದ್ದು, ಅದಕ್ಕೇ ತುಂಬಿದೆ. ಒಂದು ಪುಟ್ಟ ಗಿಂಡಿಯಲ್ಲಿ ಹಾಲು, ಒಂದು ಬಿಳಿ ಹೂವು. ಜಿಟಿಜಿಟಿ ಮಳೆ, ಅರ್ಚಿತಾ ಸ್ಕೂಟರ್ ಓಡಿಸಿದಳು.

ದಾರಿಯಲ್ಲಿ, "ಹಾಲು ಕುಡಿಯೋಕಾ ಅಮ್ಮ?" ಅಂತ ಕೇಳಿದಳು. ಇಲ್ಲೇ ಬೆಳೆದ ಮಗು, ಪಾಪ, ಅವಳಿಗೇನು ಗೊತ್ತು. ಹೂವನ್ನು ಹಾಲಲ್ಲಿ ಅದ್ದಿ ಒಡಹುಟ್ಟಿದವನ ಬೆನ್ನಿಗೆ ಸವರುವುದು, ಬೆನ್ನಿಗೆ ಬಿದ್ದವನು ತಣ್ಣಗಿರಲಿ ಅಂತ ಹರಸುವುದು ಅಂತ ವಿವರಿಸಿದೆ.

"ಓ, ಫೋಟೋಗೆ ಮಾಡ್ತೀಯಲ್ಲ, ಅದು!"

ಹೌದು, ಅದೇ. ನೀನು ಬರಲಾಗದ ವರ್ಷಗಳಲ್ಲಿ ನಿನ್ನ ಪದವಿಯ ಫೋಟೋವನ್ನು ಗೋಡೆಯಿಂದ ಇಳಿಸಿ, ತಿರುಗಿಸಿ, ಅದರ ಬೆನ್ನಿಗೇ ಹಾಲು ಸವರುತ್ತಾ ಬಂದಿದ್ದೇನೆ. ಶಾಸಕನಾದ ಮೇಲಂತೂ ನೀನು ರಟ್ಟಿನ ರೂಪದಲ್ಲೇ ಹಬ್ಬ ಮಾಡಿಸಿಕೊಂಡೆ. ಆ ರಟ್ಟು ಊದಿ ಹಪ್ಪಳವಾಗಿದೆ. ಈ ವರ್ಷ ನಿಜವಾದ ಬೆನ್ನಿಗೇ ಹಾಲು ಸವರಿ, ಕಿವಿಯಲ್ಲಿ ಒಂದೇ ಮಾತು ಹೇಳಬೇಕು ಅಂದುಕೊಂಡಿದ್ದೆ: "ಎದ್ದು ಮನೆಗೆ ಬಾ. ಊರಿಗೆ ಹೋಗು. ನಿನ್ನ ಜನರನ್ನು ಕೇಳು. ಅವರು ಒಪ್ಪಿದರೆ ಯಾರ ಜೊತೆ ಬೇಕಾದರೂ ಹೋಗು." ರಾಜೀನಾಮೆಗೆ ನೀನಿನ್ನೂ ಸಹಿ ಹಾಕಿಲ್ಲ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ನನ್ನ ಕೈಯ ಹಾಲಿಗೆ ಅಷ್ಟು ಶಕ್ತಿ ಇದ್ದೀತು ಅನ್ನುವ ಜಂಬ ನನಗೆ.

ಗೇಟಿನಲ್ಲಿ ಜಶುಭಾಯಿ ಅಂತ ಒಬ್ಬ ಕಾವಲುಗಾರ. ದೊಡ್ಡ ಮೀಸೆ, ಮೆತ್ತಗಿನ ಮಾತು. ತಮ್ಮ ಒಳಗಿದ್ದಾನೆ, ನಮ್ಮೂರ ಹಬ್ಬ, ಒಂದು ಗಳಿಗೆ ನೋಡಿ ಹೋಗುತ್ತೇನೆ ಅಂದೆ. ಹೆಸರು ಕೇಳಿದ, ಕುರ್ಚಿ ಹಾಕಿದ, ಚಹಾ ತರಿಸಿದ. ಡಬ್ಬಿ ತೆಗೆದುಕೊಂಡು ಒಳಗೆ ಹೋದ. ಬಹಳ ಹೊತ್ತಾಯಿತು. ಮಳೆಯೂ ನಿಂತಿತು. ತಿರುಗಿ ಬಂದವನು ಇದ್ದಕ್ಕಿದ್ದ ಹಾಗೆ ದೊಡ್ಡ ಜೋಯಿಸನಾಗಿಬಿಟ್ಟ.

"ಬೆನ್, ರಾಖೀ ಪಣ್ ನಥೀ ಗಯೀ, ನಾಗ್ ಪಾಂಚಮ್ ಕ್ಯಾಂಥೀ ಆವೀ?" ರಾಖಿಯೇ ಇನ್ನೂ ಕಳೆದಿಲ್ಲ, ನಾಗಪಂಚಮಿ ಎಲ್ಲಿಂದ ಬಂತು ಅಂತ ತಕರಾರು.

ಅವನು ಹೇಳಿದ್ದು ಸುಳ್ಳಲ್ಲ ಕಣೋ. ಇಲ್ಲಿಯವರ ನಾಗಪಂಚಮಿ ಶ್ರಾವಣದ ಕೃಷ್ಣಪಕ್ಷದಲ್ಲಿ; ನಮ್ಮದು ಶುಕ್ಲಪಕ್ಷದಲ್ಲಿ. ಹುಣ್ಣಿಮೆಯ ಆಚೆ ಅವರ ಹಾವು, ಈಚೆ ನಮ್ಮ ಹಾವು. ನಾನೂ ಬಿಡಲಿಲ್ಲ, ನಮ್ಮ ಪಂಚಾಂಗವನ್ನು ಎತ್ತಿಹಿಡಿದೆ. ಅವನು ನೆಲ ನೋಡುತ್ತಾ, "ಇವತ್ತು ಹಬ್ಬ ಅಲ್ಲ ಬೆನ್, ನೀವು ಮನೆಗೆ ಹೋಗಿ" ಅಂತ ಅದೊಂದನ್ನೇ ಹೇಳಿದ. ನಾಗಪ್ಪ ಒಬ್ಬನೇ ಆದರೂ ತಿಥಿ ಎರಡಾದ್ದರಿಂದ ದರ್ಶನ ಆಗಲಿಲ್ಲ. ಆದರೆ ಕಡುಬು ಮಾತ್ರ ತಲುಪಿತು. ಡಬ್ಬಿ ಖಾಲಿಯಾಗಿ ವಾಪಸ್ ಬಂತು. ಬೆಲ್ಲ ಹದವಾಗಿತ್ತು ಅಂತ ತಿಳಿದುಕೊಂಡಿದ್ದೇನೆ.

ಸಂಜೆ ಟಿವಿಯಲ್ಲಿ ನೀವೆಲ್ಲ ಸಾಲಾಗಿ ನಿಂತು ರಾಜೀನಾಮೆ ತೋರಿಸಿದಿರಿ. ನೀನು ಕೊನೆಯಲ್ಲಿದ್ದೆ. ಹಿಡಿದ ಕೈ ಮೇಲಿನ ಕಲೆ ಕಾಣುತ್ತಿತ್ತು.

ಈಗ ಭಾನುವಾರದ ವಿಷಯ. ನನಗೆ ಬರಲಾಗುವುದಿಲ್ಲಪ್ಪ. ಮಂಡಿನೋವು, ವಿಮಾನದ ಮೆಟ್ಟಿಲು ಹತ್ತಲಾರೆ. ನಿನ್ನ ಭಾವನಿಗೆ ಗ್ಯಾಸ್ ಹೊತ್ತಿಸಲು ಬಾರದು. ಅರ್ಚಿತಾಗೆ ಪರೀಕ್ಷೆ. ಹಂಸಾಬೆನ್ ಬೇರೆ ತಮ್ಮನನ್ನು ಕಳಿಸಿದ ಮೇಲೆ ಅಳುವುದಕ್ಕೆ ನಮ್ಮ ಮನೆಗೇ ಬರುತ್ತಾಳೆ. ಅವಳಿಗೆ ಯಾರೂ ಜಾಗ ಗುರುತು ಮಾಡಿಕೊಟ್ಟಿಲ್ಲ ನೋಡು. ನಾಲ್ಕು ಕಾರಣ ಕೊಟ್ಟಿದ್ದೇನೆ, ಸುಬ್ರಹ್ಮಣ್ಯನಿಗೆ ಯಾವುದು ಒಪ್ಪಿಗೆಯಾಗುತ್ತದೋ ಅದನ್ನು ಪತ್ರಿಕೆಗಳಿಗೆ ಕೊಡಲಿ. ಅವನು ಕಳಿಸಿದ ಟಿಕೆಟ್ಟನ್ನು ಇದರ ಜೊತೆಗೇ ಇಟ್ಟಿದ್ದೇನೆ.

ನೀನು ಗೆಲ್ಲು ಅಂತಲೂ ಸೋಲು ಅಂತಲೂ ನಾನು ದೇವರ ಮುಂದೆ ನಿಂತು ಕೇಳಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಹಾರ ತುರಾಯಿ ಹಾಕಿದವರನ್ನೆಲ್ಲ ನೆಂಟರು ಅಂದುಕೊಳ್ಳಬೇಡ. ಮಂತ್ರಿಯಾದರೆ ಎರಡು ಪಾತ್ರೆ ಇಡುವುದನ್ನು ಮರೆಯಬೇಡ. ಆಗದಿದ್ದರೆ ಒಂದು ಪಾತ್ರೆಯಲ್ಲಿ ಮಾಡಿದ್ದನ್ನೇ ನಾಲ್ಕು ಜನಕ್ಕೆ ಹಂಚಿ ತಿನ್ನು. ನೂರ್ಕಾಲ ಬಾಳು. ನಿನ್ನ ಬೆನ್ನು ತಣ್ಣಗಿರಲಿ.

ಇಂತಿ,
ರಮಾಮಣಿ

ತಾ.ಕ. ಲಕೋಟೆ ಅಂಟಿಸಲು ಕೂತೆ, ಕೈ ಬರಲಿಲ್ಲ. ನಾಲ್ಕೂ ಕಾರಣ ಸುಳ್ಳು ಕಣೋ. ಜಶುಭಾಯಿ ಪಂಚಾಂಗ ತೆಗೆದದ್ದು ಆಮೇಲೆ. ಒಳಗಿನಿಂದ ಬಂದವನು ಮೊದಲು ಅರ್ಚಿತಾಳನ್ನು ಸ್ಕೂಟರ್ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ: "ಬೇಟಾ, ಮಮ್ಮಿಗೆ ಹೇಳಬೇಡ. ಸಾಹೇಬರು, ವಡೋದರಾದಲ್ಲಿ ನನಗೆ ಅಕ್ಕ ಯಾರೂ ಇಲ್ಲ, ವಿರೋಧಿಗಳು ಯಾರನ್ನೋ ಕಳಿಸಿದ್ದಾರೆ ಅಂತಿದ್ದಾರೆ." ಮಳೆ ನಿಂತಿತ್ತಲ್ಲ, ನನಗೆ ಕೇಳಿಸಿತು. ನನ್ನ ಮುಖ ನೋಡಲಾರದೆ ಆ ಪುಣ್ಯಾತ್ಮ ಹಬ್ಬದ ದಿನವನ್ನೇ ಅಲ್ಲಗಳೆದ. ಅವನ ಮಾನಕ್ಕಾಗಿ ನಾನೂ ವಾದ ಮಾಡಿದ ಹಾಗೆ ಮಾಡಿದೆ. ಅರ್ಚಿತಾ ಇವತ್ತಿಗೂ ನನಗೆ ಹೇಳಿಲ್ಲ. ನನಗೆ ಗೊತ್ತು ಅಂತ ನಾನೂ ಅವಳಿಗೆ ಹೇಳಿಲ್ಲ.

ಪಕ್ಕದಲ್ಲಿ ಯಾರಿದ್ದರೋ, ಅಕ್ಕ ಅಂದರೆ ಅನುಮಾನ ಪಡುತ್ತಾರೆ ಅಂತ ಹೆದರಿದೆಯೋ ಏನೋ. ಅವತ್ತಿನಿಂದ ನಿನ್ನ ಪರವಾಗಿ ನಾನೇ ವಕೀಲಿ ಮಾಡುತ್ತಿದ್ದೇನೆ, ಹಾಗಂದ ಸಾಹೇಬ ಬೇರೆ ಯಾರೋ ಇದ್ದಿರಬೇಕು, ನಿನಗೆ ಹೆಸರು ಸರಿಯಾಗಿ ತಲುಪಿರಲಿಕ್ಕಿಲ್ಲ ಅಂತ. ಇನ್ನೇನು ಗೆದ್ದೆ ಅನ್ನುವಾಗ ಆ ಡಬ್ಬಿ ಅಡ್ಡ ಬರುತ್ತದೆ. ಮುಚ್ಚಳದ ಮೇಲೆ ನಿನ್ನ ಹೆಸರಿದೆ. ಯಾರೋ ಕಳಿಸಿದವಳ ಕೈ ತಿಂಡಿಯನ್ನು ನೀನು ಮುಟ್ಟುವವನಲ್ಲ. ಒಳಗೆ ಒಂದು ಕಡುಬೂ ಉಳಿದಿರಲಿಲ್ಲ, ನಂಜು. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ತಳಕ್ಕೆ ಅಂಟಿದ ಬೆಲ್ಲವನ್ನೂ ನೀನು ಬೆರಳಲ್ಲಿ ಬಳಿದಿದ್ದೆ.

ಭಾನುವಾರ ವೇದಿಕೆಗೆ ಯಾರನ್ನು ಕರೆಯುತ್ತಿದ್ದೀಯೋ? ವಡೋದರಾದಲ್ಲಿ ನಿನಗೆ ಅಕ್ಕ ಇಲ್ಲ.