ಕೊನೆಯ ಏರಿನಲ್ಲಿ ಕೊಟ್ಟ ಮಜ್ಜಿಗೆ

ಟಾರ್ನೀಟ್, ಮೆಲ್ಬರ್ನ್
ಫೆಬ್ರುವರಿ ೬, ಶುಕ್ರವಾರ

ಮುದ್ದಿನ ಗಾನವಿಗೆ,

ನಿನ್ನ ಮಾಮಾ ಮಾಡುವ ಆಶೀರ್ವಾದ. ಮೊಣಕಾಲಿನ ಬಾವು ಇಳಿಯಿತೇ? ಸಿಡ್ನಿಯಲ್ಲಿ ದೊಡ್ಡವ್ವನ ಮನೆಯಲ್ಲಿದ್ದೀ, ಹೊಟ್ಟೆಯ ಚಿಂತೆಯಿಲ್ಲ. ನಮ್ಮ ಗೌರಕ್ಕ ರೊಟ್ಟಿ ಬಡಿಯಲು ಕೂತರೆ ಅರ್ಧ ಕ್ವೇಕರ್ಸ್ ಹಿಲ್ ಬಡಾವಣೆಯೇ ಎದ್ದು ಬರುತ್ತದೆ. ಅಮೆರಿಕದಲ್ಲಿ ಹುಟ್ಟಿದವಳು ನೀನು, ಒತ್ತಕ್ಷರ ತೊಡಕಾದರೆ ಅವಳ ಕೈಲಿ ಓದಿಸಿಕೊ. ಫೋನಿನಲ್ಲಿ ಹೇಳಹೋದರೆ ‘ಇಟ್ಸ್ ಓಕೆ ಮಾಮಾ’ ಎಂದು ಮುಗಿಸಿಬಿಡುತ್ತೀ. ಓಕೆ ಅಲ್ಲ! ಅದಕ್ಕೇ ಈ ಪತ್ರ.

ಆರು ವರ್ಷ ಆ ಸೈಕಲ್ ರೇಸಿನ ತಂಡದಲ್ಲಿ ನೀನು ಮಾಡಿದ್ದೇನು? ನಾಯಕಿಯ ಮುಂದೆ ತುಳಿದು ಅವಳಿಗೆ ಬಡಿಯುವ ಗಾಳಿ ತಡೆದೆ. ಅವಳ ನೀರಿನ ಬಾಟಲಿ ಹೊತ್ತೆ. ಅವಳ ಚಕ್ರ ಪಂಕ್ಚರ್ ಆದರೆ ನಿನ್ನ ಚಕ್ರ ಬಿಚ್ಚಿ ಕೊಟ್ಟು ರಸ್ತೆ ಬದಿ ನಿಂತೆ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಕಳೆದ ಭಾನುವಾರ ಇಲ್ಲಿನ ರೇಸಿನಲ್ಲಿ, ತಂಡದವರು ಮೊದಲ ಸಲ ‘ಇವತ್ತು ನಿನ್ನ ಸಲುವಾಗಿ ತುಳಿ’ ಅಂದರು. ಮೊದಲ ಐದರಲ್ಲಿ ಬಂದರೆ ಮುಂದಿನ ವರ್ಷವೂ ಕಾಂಟ್ರಾಕ್ಟ್ ಅಂದರು. ನೀನು ಮೂರನೆಯವಳಾಗಿ ಬಂದೆ! ಕೊನೆಯ ಏರಿನಲ್ಲಿ ಇಲ್ಲಿರುವ ಹುಬ್ಬಳ್ಳಿ-ಧಾರವಾಡದ ಇಪ್ಪತ್ತು ಮಂದಿಯನ್ನು ನಿಲ್ಲಿಸಿಕೊಂಡು, ರುಮಾಲು ಸುತ್ತಿ ಕಾದವನು ನಾನು. ‘ರಜೆಗೆ ಊರಿಗೆ ಬಂದಾಗ ನವಲಗುಂದದ ಹೊಲದ ದಾರಿಯಲ್ಲಿ ಇವಳಿಗೆ ಸೈಕಲ್ ಕಲಿಸಿದವನು ನಾನೇ’ ಎಂದು ಎಲ್ಲರಿಗೂ ಮೂರು ಮೂರು ಸಲ ಹೇಳಿದ್ದೆ. ಸುಳ್ಳೇನಲ್ಲ, ಸೀಟು ಹಿಡಿದು ಓಡಿದವನು ನಾನು, ಬಿದ್ದವನೂ ನಾನೇ. ನೀನು ಏದುಸಿರು ಬಿಡುತ್ತ ಬಂದಾಗ ಮಜ್ಜಿಗೆ ಬಾಟಲಿ ಚಾಚಿದೆ. ನೀನು ಬೇಡವೆಂದು ತಲೆಯಾಡಿಸಿದೆ. ‘ಮಾಮಾ ಕೊಟ್ಟದ್ದು ಬ್ಯಾಡಂತೀಯೇನವಾ?’ ಎಂದು ಪಕ್ಕದಲ್ಲೇ ಓಡಿದೆ. ಆಗ ನೀನು ಇಸಿದುಕೊಂಡೆ. ನಮ್ಮ ಮನೆಯ ಮಗಳು!

ಆಮೇಲೇನಾಯಿತು? ಗಂಟೆಯೊಳಗೆ ಬೋರ್ಡಿನಲ್ಲಿ ನಿನ್ನ ಹೆಸರು ನಲವತ್ತೊಂದನೆಯದು. ಕೇಳಿದರೆ ‘ಏನೋ ರೂಲ್ ಮಾಮಾ’ ಅಂದೆ. ಯಾವ ರೂಲ್? ಆ ತೀರ್ಪುಗಾರನಿಗೆ ಕಣ್ಣಿಲ್ಲವೇ? ಮ್ಯಾನೇಜರನಿಗೆ ನಾಚಿಕೆ ಬೇಡವೇ? ಆರು ವರ್ಷ ದುಡಿಸಿಕೊಂಡು ಎರಡು ಸಾಲಿನ ಇಮೇಲಿನಲ್ಲಿ ಕೈಬಿಟ್ಟ. ಇನ್ನು ನೀನು ಒಬ್ಬಳೇ ಜಲ್ಲಿ ರಸ್ತೆಯ ರೇಸಿಗೆ ಇಳಿಯುತ್ತೀಯಂತೆ, ಪಂಕ್ಚರ್ ಕೂಡ ನೀನೇ ಹಾಕಿಕೊಳ್ಳಬೇಕಂತೆ. ಜಲ್ಲಿಯಲ್ಲಿ ಸೈಕಲ್ ತುಳಿಯುವುದೂ ಒಂದು ನೌಕರಿ ಎಂದು ಗೊತ್ತಿದ್ದರೆ ನಾನು ಏಳನೇ ಇಯತ್ತೆಯಲ್ಲೇ ಜಗತ್ತು ಗೆದ್ದಿರುತ್ತಿದ್ದೆ, ಅದು ಬೇರೆ ಮಾತು. ಇದೆಲ್ಲ ಸಹಿಸಿಯೇನು. ಆದರೆ ಆ ತೀರ್ಪುಗಾರ ನನ್ನತ್ತ ಕೈ ಮಾಡಿ ‘ಇವರು ಯಾರು’ ಎಂದು ಕೇಳಿದಾಗ (ರುಮಾಲು ಮೆಚ್ಚಿ ಕೇಳಿದನೆಂದುಕೊಂಡೆ), ಇಪ್ಪತ್ತು ಮಂದಿಯ ಮುಂದೆ ‘ಗೊತ್ತಿಲ್ಲ’ ಅಂದೆಯಲ್ಲ! ಮನೆಗೆ ಬಂದವನೇ ರುಮಾಲು ಬಿಚ್ಚಿ ಕಪಾಟಿನಲ್ಲಿ ಒಗೆದೆ.

ದೊಡ್ಡವ್ವನಿಗೆ ನಮಸ್ಕಾರ ತಿಳಿಸು. ಸಿಟ್ಟಿನಲ್ಲೇ ಹರಸುತ್ತೇನೆ: ನಿನ್ನ ಕಾಲಿಗೆ ಬಲ ಬರಲಿ.

ನಿನ್ನ ಸೋದರಮಾವ,
ಗುರುಶಾಂತಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ನನ್ನ ಮಗ ಅಜಯ್ ಬಾಯಿ ಬಿಟ್ಟ. ಕೊನೆಯ ಹತ್ತು ಕಿಲೋಮೀಟರಿನಲ್ಲಿ ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳಬಾರದಂತೆ. ಆ ಮಜ್ಜಿಗೆಗೇ ಇಪ್ಪತ್ತು ಸೆಕೆಂಡ್ ದಂಡ ಬಿತ್ತಂತೆ, ಆ ಇಪ್ಪತ್ತು ಸೆಕೆಂಡಿನೊಳಗೆ ಇನ್ನೂ ಮೂವತ್ತೆಂಟು ಮಂದಿ ಗೆರೆ ದಾಟಿದ್ದರಂತೆ. ‘ಮಾಮಾಗೆ ಹೇಳಬೇಡ’ ಎಂದು ಅವನಿಂದ ಆಣೆ ಹಾಕಿಸಿಕೊಂಡಿದ್ದೆಯಂತೆ. ಆದರೂ ಈ ಪತ್ರ ಹರಿದು ಹಾಕುವುದಿಲ್ಲ. ಮೇಲೆ ಬೈದ ಕಡೆಯಲ್ಲೆಲ್ಲ ನನ್ನ ಹೆಸರು ಹಾಕಿಕೊಂಡು ಓದು. ‘ಕೊಟ್ಟವನು ಅವಳ ಮಾವ, ಅವಳು ಬೇಡವೆಂದಿದ್ದಳು’ ಎಂದು ಮ್ಯಾನೇಜರನಿಗೆ ಅಜಯ್ ಕೈಲಿ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದೆ. ನಿನ್ನ ಜಲ್ಲಿ ರೇಸಿಗೆ ಸಿಡ್ನಿಗೆ ಬರುತ್ತೇನೆ. ರಸ್ತೆಯಿಂದ ಹತ್ತು ಮಾರು ದೂರ ನಿಲ್ಲುತ್ತೇನೆ, ಎರಡೂ ಕೈ ಜೇಬಿನಲ್ಲಿ. ನೀನೇ ಕೇಳಿದರೂ ತೆಗೆಯುವುದಿಲ್ಲ.