ನಿಮ್ಮ ಚಿನ್ನದ ವಾಚು ಈಗ ನನ್ನ ಕೈಯಲ್ಲಿದೆ

ನಮ್ಮ ಮನೆಯವರಿಗೆ,

ರೀ, ನಿಮ್ಮ ಚಿನ್ನದ ವಾಚು ರಿಪೇರಿಯಾಗಿ ಮನೆಗೆ ಬಂದಿದೆ. ಎಲ್ಲಿದ್ದೀರೋ ಏನೋ, ಈ ಸುದ್ದಿ ಕಿವಿಗೆ ಬಿದ್ದರೆ ಕನ್ನಡಕ ಹುಡುಕುತ್ತಾ ಎದ್ದು ಬರುತ್ತೀರಿ ಅಂತ ನನಗೆ ಗೊತ್ತು. ಕೂತುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ.

ವರಪೂಜೆಯ ಸಂಜೆ ನಮ್ಮಪ್ಪ ಅದನ್ನು ನಿಮ್ಮ ಕೈಗೆ ಕಟ್ಟಿದ್ದು ನೆನಪಿದೆಯಾ? ಛತ್ರದ ಬಾಗಿಲ ಸಂದಿಯಿಂದ ನಾನು ನಿಮ್ಮನ್ನು ನೋಡುತ್ತಿದ್ದರೆ ನೀವು ನಿಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಿರಿ. ಇದಕ್ಕೆ ಕೀ ಕೊಡುವುದೇ ಬೇಡ, ಕೈ ಆಡುತ್ತಿದ್ದರೆ ತಾನೇ ಓಡುತ್ತದೆ ಎಂದು ಅಪ್ಪ ಹೇಳಿದ್ದೇ ತಡ, ಮಾರನೆಯ ದಿನ ಧಾರೆಯ ಹೊತ್ತಿನಲ್ಲೂ ಕೈ ಅಲ್ಲಾಡಿಸುತ್ತಾ ನಿಂತ ಮಹಾನುಭಾವರು ನೀವು. ಪುರೋಹಿತರು ಎರಡು ಸಲ ಗದರಿದರು. ನನಗೆ ನಗು ತಡೆಯಲಾಗದೆ ತಲೆ ತಗ್ಗಿಸಿದೆ. ಹುಡುಗಿಗೆ ಎಷ್ಟು ನಾಚಿಕೆ ನೋಡಿ ಅಂದರಂತೆ ನಿಮ್ಮ ಕಡೆಯವರು.

ಆಫೀಸಿಗೆ ಮಾತ್ರ ಅದನ್ನು ಕಟ್ಟಲೇ ಇಲ್ಲ. ಮದುವೆ ಮುಂಜಿ ಬಂದರೆ ಬೀರುವಿನಿಂದ ಹೊರಗೆ, ಮುಗಿದ ಕೂಡಲೇ ನನ್ನ ಓಲೆಗಳ ಪಕ್ಕದಲ್ಲಿ ಒಳಗೆ. ಅದು ಬಿಟ್ಟರೆ ಆಯುಧಪೂಜೆ. ಸ್ಕೂಟರು, ಈಳಿಗೆಮಣೆ, ಸುತ್ತಿಗೆ, ಮಿಕ್ಸಿ, ಅವುಗಳ ಸಾಲಿನಲ್ಲಿ ಈ ವಾಚೂ ಕೂತಿರುತ್ತಿತ್ತು. ಗಂಧ ತೇದು, ಕುಂಕುಮ ಕಲಸಿ, ಒದ್ದೆ ಬೆರಳಿನಿಂದ ಎಲ್ಲಕ್ಕೂ ಬೊಟ್ಟು. ವಾಚಿಗೂ ಯಾಕ್ರೀ ಎಂದರೆ, "ಅದೂ ದುಡಿಯುತ್ತೆ ಕಣೇ, ಅದಕ್ಕೂ ಹಬ್ಬ ಬೇಡ್ವಾ?" ಅನ್ನುತ್ತಿದ್ದಿರಿ. ಗಾಜಿಗೆ ಇಟ್ಟಿದ್ದರೆ ಒರೆಸಬಹುದಿತ್ತು. ಮುಳ್ಳು ಮರೆಯಾಗಬಾರದು ಎಂದು ನೀವು ಟೈಮು ಸರಿಮಾಡುವ ಪಕ್ಕದ ತಿರುಪಿಗೇ ಇಡುತ್ತಿದ್ದಿರಿ, ವರ್ಷವರ್ಷವೂ. ಒಂದು ಸಲ ಹಬ್ಬ ಕಳೆದು ನೋಡಿದರೆ ವಾಚು ನಿಂತೇಹೋಗಿತ್ತು.

ಜಯನಗರದಲ್ಲಿ ಎಷ್ಟು ಅಂಗಡಿ ಹತ್ತಿ ಇಳಿದಿರಿ! ಪಾರ್ಟು ಸಿಗಲ್ಲ ಸಾರ್, ಹೊಸದು ತಗೊಳ್ಳಿ ಎಂದೇ ಎಲ್ಲರೂ ಹೇಳಿದರು. ಹೋದ ವರ್ಷ ಹಾಸಿಗೆ ಹಿಡಿದ ಮೇಲೂ ಅದನ್ನು ತರಿಸಿಕೊಂಡು ಕಿವಿಗೆ ಇಟ್ಟುಕೊಳ್ಳುತ್ತಿದ್ದಿರಿ. "ಇದು ಇನ್ನೊಂದ್ಸಲ ಓಡಿದ್ರೆ ಸಾಕಾಗಿತ್ತು ಕಣೇ" ಅಂದಿರಿ. ಕಾಫಿ ಬಿಟ್ಟರೆ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ ನೀವು. ಅದೊಂದು ಆಸೆಯನ್ನೂ ನಡೆಸಿಕೊಡದೆ ನಾನು...

ನಿಮ್ಮ ಮಗಳು ಸುಮಾಗೆ ಹೇಳಿದೆ. ಅವಳ ಆಫೀಸಿನಲ್ಲಿ ರೇಣುಕಾ ಅಂತ ಒಬ್ಬಳಿದ್ದಾಳೆ, ಹುಬ್ಬಳ್ಳಿ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಾಳೆ. ರಜೆ ಬಂತೆಂದರೆ ಹಳೆಯ ವಾಚುಗಳನ್ನು ಬಿಚ್ಚಿಕೊಂಡು ಕೂರುವ ಹುಚ್ಚು ಅವಳಿಗೆ. ನಿಮ್ಮದನ್ನು ಬಿಚ್ಚಿದವಳೇ ಫೋನು ಮಾಡಿ, ಒಳಗೆಲ್ಲ ಕುಂಕುಮ ಗಟ್ಟಿಯಾಗಿ ಕೂತಿದೆ, ಪಾರ್ಟು ಬೇಡ, ತೊಳೆದರೆ ಓಡುತ್ತದೆ, ಏನು ಪೂಜೆ ಮಾಡಿದ್ರಿ ಇದಕ್ಕೆ ಎಂದು ಕೇಳಿದಳು. ನಾನು ನಕ್ಕುಬಿಟ್ಟೆ. ನೀವು ಹೋದ ಮೇಲೆ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು, ಆಮೇಲೆ ಸ್ವಲ್ಪ ಅತ್ತೆ ಕೂಡ. ಮೇಲಿನ ಚಿನ್ನಕ್ಕೆ ಹೊಸ ಪಾಲಿಶ್ ಕೊಡಲಾ ಎಂದೂ ಕೇಳಿದಳು. ಬೇಡ, ಅಂಚಿನ ತಗ್ಗು ನಮ್ಮ ಯಜಮಾನರು ಛತ್ರದ ಕಂಬಕ್ಕೆ ಬಡಿದು ಮಾಡಿದ್ದು, ಹಾಗೇ ಇರಲಿ ಎಂದೆ.

ಅದು ಬಂದ ದಿನ ಸುಮಾನೇ ನನ್ನ ಎಡಗೈಗೆ ಕಟ್ಟಿದಳು. ಬಳೆ ತೆಗೆದ ಮೇಲೆ ಆ ಕೈಯನ್ನು ನೋಡಿಕೊಳ್ಳಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಸೆಕೆಂಡಿನ ಮುಳ್ಳು ಕುಪ್ಪಳಿಸುವುದಿಲ್ಲ ರೀ, ಎಣ್ಣೆಯ ಮೇಲೆ ಜಾರಿದ ಹಾಗೆ ಹೋಗುತ್ತದೆ. ಮಧ್ಯಾಹ್ನ ಹಜಾರದಲ್ಲಿ ಕಿಟಕಿಯ ಬಿಸಿಲು ಮೊಣಕಾಲಿನವರೆಗೆ ಬಂದಿರುತ್ತದೆ. ಕೈಯನ್ನು ಕೆನ್ನೆಯ ಕೆಳಗಿಟ್ಟು ಒರಗಿದರೆ ಆ ಸದ್ದಿನ ಒಳಗೇ ಎಲ್ಲಿಗೋ ಹೋಗಿಬಿಡುತ್ತೇನೆ. ಯಾರದೋ ಮದುವೆಗೆ ಹೊರಟಿದ್ದೇವೆ. ಕೋಣೆಯಲ್ಲಿ ನೀವು ಶರ್ಟಿನ ತೋಳು ಸರಿಮಾಡಿಕೊಳ್ಳುತ್ತಾ, "ಆಯ್ತೇನೇ?" ಅನ್ನುತ್ತೀರಿ. ಬಂದೆ, ಹೂವೊಂದು ಮುಡಿದುಕೊಂಡು ಬಂದೆ ಅನ್ನುತ್ತೇನೆ. ಅದು ಯಾರ ಮದುವೆ, ಯಾವ ಬೀದಿ, ಒಂದೂ ತಿಳಿಯುವುದಿಲ್ಲ. ಎಷ್ಟು ಹಿತವಾಗಿರುತ್ತದೆ ಗೊತ್ತಾ?

ಆದರೆ ಬೆಳಿಗ್ಗೆ ಎದ್ದು ನೋಡಿದರೆ ವಾಚು ನಿಂತಿರುತ್ತಿತ್ತು. ಅಲ್ಲಾಡಿಸಿದರೆ ಓಡುವುದು, ಮತ್ತೆ ಮರುದಿನ ಬೆಳಿಗ್ಗೆ ನಿಂತಿರುವುದು. ನಿಮ್ಮನ್ನು ಮತ್ತೆ ಮತ್ತೆ ಕಳಕೊಂಡ ಹಾಗೆ ಆಗುತ್ತಿತ್ತು ರೀ. ಸಿಟ್ಟಿನಿಂದ ರೇಣುಕಾಳನ್ನು ಮನೆಗೇ ಕರೆಸಿದೆ. ಅವಳು ಒಂದು ವಾರ ಇಟ್ಟುಕೊಂಡು, ತಾನೇ ಕಟ್ಟಿಕೊಂಡು ಓಡಾಡಿ, ವಾಪಸ್ಸು ತಂದಳು. ಅವಳ ಕೈಯಲ್ಲಿ ಒಂದು ದಿನವೂ ನಿಂತಿರಲಿಲ್ಲವಂತೆ. ದಿನವೆಲ್ಲ ಏನು ಮಾಡ್ತೀರಿ ಎಂದು ಕೇಳಿದಳು. ಅಡಿಗೆ ಸುಮಾ ಮಾಡುತ್ತಾಳೆ, ನಾನು ಈ ಕುರ್ಚಿಯಲ್ಲಿ ಕೂತಿರುತ್ತೇನೆ ಎಂದೆ. ಹುಡುಗಿ ನನ್ನ ಕೈ ಹಿಡಿದುಕೊಂಡಳು.

"ವಾಚ್ ಚಲೋ ಐತ್ರಿ ಅಮ್ಮಾರ. ನೀವ ಕುಂತಬಿಟ್ಟೀರಿ."

ಅವತ್ತು ಅವಳ ಮೇಲೆ ಕೋಪ ಬಂತು. ಇವಳಿಗೇನು ಗೊತ್ತು ಅನ್ನಿಸಿತು. ಎರಡು ದಿನ ಮುಖ ಊದಿಸಿಕೊಂಡಿದ್ದೆ, ನಿಮಗೆ ಗೊತ್ತಲ್ಲ ನನ್ನ ಬುದ್ಧಿ. ಮೂರನೆಯ ದಿನ ಸೊಪ್ಪು ತರುತ್ತೇನೆ ಎಂದು ಸುಮಾಗೆ ಹೇಳಿ ರಸ್ತೆಯ ತುದಿಯವರೆಗೆ ಹೋಗಿಬಂದೆ. ಸೊಪ್ಪಿನವಳು ಎಷ್ಟು ದಿನ ಆಯ್ತಮ್ಮ ನೋಡಿ ಎಂದು ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದಳು. ಆಮೇಲೆ ಹೂವಿಗೆ ಹೋದೆ, ಆಮೇಲೆ ಲೈಬ್ರರಿಗೆ. ಎಡಗೈಯನ್ನು ಬೇಕಂತಲೇ ಜೋರಾಗಿ ಬೀಸಿಕೊಂಡು ನಡೆಯುತ್ತೇನೆ, ನೋಡಿದವರು ಏನಾದರೂ ಅಂದುಕೊಳ್ಳಲಿ. ನಿನ್ನೆ ಗುಡ್ಡದ ದೇವಸ್ಥಾನದ ಮೆಟ್ಟಿಲು ಹತ್ತಿದೆ, ಅಲ್ಲಲ್ಲಿ ಕೂತು ಕೂತು. ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ನಮ್ಮ ಮನೆಯ ತಾರಸಿ ಯಾವುದೆಂದು ಹುಡುಕುತ್ತಾ ಬಹಳ ಹೊತ್ತು ನಿಂತಿದ್ದೆ.

ಇವತ್ತು ಬೆಳಿಗ್ಗೆ ಕಣ್ಣು ಬಿಡಲು ಭಯವಾಯಿತು. ಮೊದಲು ಕಿವಿಗಿಟ್ಟುಕೊಂಡೆ. ಓಡುತ್ತಿತ್ತು ರೀ. ನಾನು ನಿನ್ನೆ ನಡೆದಿದ್ದರಲ್ಲೇ ಅದು ರಾತ್ರಿಯೆಲ್ಲ ಓಡಿದೆ.

ಇನ್ನು ನಿಲ್ಲಲು ಬಿಡುವುದಿಲ್ಲ. ನಾಳೆ ಯಾವ ಕಡೆ ಹೋಗೋಣ, ಹೇಳಿ?

ನಿಮ್ಮವಳು